ಸಲಾಮಿ, ಸಾಸೇಜು, ಹ್ಯಾಮ್ ಬೆಕ್ಕಿಗೆ ಹಾಕಬಹುದೇ? ಹೋಂಸ್ಟೇ ಬೆಕ್ಕುಗಳ ವಿಚಾರ

ತೋಟದಮನೆ_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಹೋಂಸ್ಟೇಯಲ್ಲಿ ಬೆಳಗಿನ ತಿಂಡಿಗೆ ಕಡುಬು, ಅಕ್ಕಿರೊಟ್ಟಿ ಜೊತೆಗೆ ಚಿಕನ್ ಸಾಸೇಜು, ಚಿಕನ್ ಸಲಾಮಿ, ಒಮ್ಮೊಮ್ಮೆ ಹಂದಿಯ ಹ್ಯಾಮ್ ಇಡುತ್ತೇವೆ. ಅತಿಥಿಗಳು ಮೇಜಿನ ಕೆಳಗಿನ ಬೆಕ್ಕುಗಳಿಗೂ ಚೂರು ಹಾಕುತ್ತಾರೆ. ಉಳಿದದ್ದು ಅಡುಗೆಮನೆಯ ಹಿಂದೆ ಅವುಗಳ ತಟ್ಟೆಗೇ ಬೀಳುತ್ತದೆ. ಇರುವ ಬೆಕ್ಕುಗಳು: 4 ಕೆಜಿ ತೂಕದ, ಮರಿಯಾಗದ ಹಾಗೆ ಆಪರೇಷನ್ ಆಗಿರುವ ಹೆಣ್ಣು ಒಂದು, 12 ವರ್ಷದ ಗಂಡು ಒಂದು, 2 ತಿಂಗಳ ಎರಡು ಮರಿ ಇರುವ ತಾಯಿ ಒಂದು.

"ಮಾಂಸ ತಾನೇ, ತಿನ್ನಲಿ ಬಿಡಿ" ಅನ್ನುವವರಿದ್ದಾರೆ. "ಒಂದು ಚೂರೂ ವಿಷ" ಅನ್ನುವವರೂ ಇದ್ದಾರೆ. ಎಷ್ಟು ತಿಂದರೆ ಏನಾಗುತ್ತದೆ ಎಂದು ಲೆಕ್ಕ ಸಮೇತ ಯಾರಾದರೂ ಹೇಳಿದರೆ ಅತಿಥಿಗಳಿಗೆ ವಿವರಿಸಲು ಅನುಕೂಲ.

ಪಶುಚಿಕಿತ್ಸೆ_ಹಾಸನ

ಎರಡೂ ಪೂರ್ತಿ ನಿಜವಲ್ಲ. ಆರೋಗ್ಯವಾಗಿರುವ ದೊಡ್ಡ ಬೆಕ್ಕು ಉಗುರಿನಷ್ಟು ಸಲಾಮಿ ತಿಂದರೆ ಗಾಬರಿಪಡುವ ಅಗತ್ಯವಿಲ್ಲ. ಆದರೆ ದಿನಾ ಹಾಕುವ ಪದಾರ್ಥ ಇದಲ್ಲ. ನಿಮ್ಮ ಬೆಕ್ಕುಗಳ ಪೈಕಿ 12 ವರ್ಷದ ಗಂಡಿಗೆ ಮತ್ತು ಮರಿಗಳಿಗೆ ಇವತ್ತಿನಿಂದಲೇ ಪೂರ್ತಿ ನಿಲ್ಲಿಸಿ.

ಹೆಚ್ಚಿನವರು ಉಪ್ಪಿನ ಬಗ್ಗೆ ಮಾತ್ರ ಯೋಚಿಸುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ. ಸಾಸೇಜಿನ ರುಚಿಯೇ ಅದರ ಮೇಲೆ ನಿಂತಿದೆ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನನ್ನು ಕೆಡಿಸುತ್ತವೆ. ಈ ಏಟಿಗೆ ಸುಲಭವಾಗಿ ಸಿಗುವ ಜಾಗಗಳು ಬೆಕ್ಕಿನ ಹಿಮೋಗ್ಲೋಬಿನ್ ಅಣುವಿನಲ್ಲಿ 8 ಇವೆ, ನಾಯಿಯದರಲ್ಲಿ 4, ಮನುಷ್ಯರದರಲ್ಲಿ 2. ಕೆಟ್ಟ ಹಿಮೋಗ್ಲೋಬಿನ್ ಗಂಟುಗಟ್ಟಿ ರಕ್ತಕಣದ ಅಂಚಿಗೆ ಅಂಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಆ ಗಂಟಿಗೆ ಹೈಂಜ್ ಬಾಡಿ ಎನ್ನುತ್ತಾರೆ. ಅಂಥ ಕಣಗಳು ಬೇಗ ಒಡೆಯುತ್ತವೆ, ಬೆಕ್ಕಿಗೆ ರಕ್ತಹೀನತೆ ಬರುತ್ತದೆ.

ಹಸಿ ಈರುಳ್ಳಿ ಪ್ರತಿ ಕೆಜಿ ತೂಕಕ್ಕೆ 5 ಗ್ರಾಂ ಒಳಹೊಕ್ಕರೆ ಬೆಕ್ಕಿನ ರಕ್ತದಲ್ಲಿ ಬದಲಾವಣೆ ಕಾಣುತ್ತದೆ. 4 ಕೆಜಿ ಬೆಕ್ಕಿಗೆ ಅದು 20 ಗ್ರಾಂ, ಅಂದರೆ ಮಧ್ಯಮ ಗಾತ್ರದ ಈರುಳ್ಳಿಯ ಕಾಲು ಭಾಗ. ಪುಡಿಯಲ್ಲಿ ನೀರಿನಂಶ ಇರುವುದಿಲ್ಲ, ಹಾಗಾಗಿ 2 ರಿಂದ 2.5 ಗ್ರಾಂ ಪುಡಿ ಅದಕ್ಕೆ ಸಮ. ಬೆಳ್ಳುಳ್ಳಿ ಇದಕ್ಕಿಂತ 3 ರಿಂದ 5 ಪಟ್ಟು ತೀಕ್ಷ್ಣ. ಬೇಯಿಸಿದರೂ ಒಣಗಿಸಿದರೂ ಈ ಗುಣ ಹೋಗುವುದಿಲ್ಲ.

ಒಂದು ಸಾಸೇಜು ತುಂಡಿನಲ್ಲಿ ಅಷ್ಟು ಪುಡಿ ಇರುವುದಿಲ್ಲ, ಸರಿ. ಆದರೆ ದಿನಾ ಸ್ವಲ್ಪ ಸ್ವಲ್ಪ ಹೋದರೆ ರಕ್ತಕಣಗಳಿಗೆ ಏಟು ಬೀಳುತ್ತಲೇ ಇರುತ್ತದೆ. ಮೇಲ್ನೋಟಕ್ಕೆ ಬೆಕ್ಕು ಚೆನ್ನಾಗಿಯೇ ಕಾಣುತ್ತದೆ. ಬೇರೆ ಯಾವುದೋ ಜ್ವರ ಬಂದಾಗ ಒಮ್ಮೆಲೇ ಕುಸಿಯುತ್ತದೆ.

ಬೇಲೂರು_ಬಿಳಿಬೆಕ್ಕು

ಉಪ್ಪು ವಿಷ ಅಂತ ಎಲ್ಲ ಕಡೆ ಬರೆದಿರ್ತಾರಲ್ಲ ಸರ್? ಒಂದು ಸ್ಲೈಸ್ ಹ್ಯಾಮ್‌ನಲ್ಲಿ ಬೆಕ್ಕಿಗೆ ಎರಡು ದಿನಕ್ಕೆ ಬೇಕಾದ ಉಪ್ಪು ಇರುತ್ತೆ ಅಂತ ಓದಿದ್ದು. ಹಾಗಿದ್ರೆ ಒಂದು ಸ್ಲೈಸೇ ಅಪಾಯ ತಾನೇ?

ಆಹಾರ_ಲೆಕ್ಕ

ನೀವು ಓದಿದ ಲೆಕ್ಕ ಸರಿ, ಅದರಿಂದ ಎತ್ತಿದ ತೀರ್ಮಾನ ಸರಿಯಲ್ಲ.

ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2006ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ, ದಿನಕ್ಕೆ 250 ಕಿಲೋಕ್ಯಾಲರಿ ತಿನ್ನುವ ಸುಮಾರು 4 ಕೆಜಿ ಬೆಕ್ಕಿಗೆ ಬೇಕಾದ ಸೋಡಿಯಂ 42 ಮಿಲಿಗ್ರಾಂ. ಹ್ಯಾಮ್‌ನಲ್ಲಿ 100 ಗ್ರಾಂಗೆ 1,000 ಮಿಲಿಗ್ರಾಂ ಆಸುಪಾಸು ಇರುತ್ತದೆ. 10 ಗ್ರಾಂ ತುಂಡಿಗೆ 100 ಮಿಲಿಗ್ರಾಂ, ಎರಡು ದಿನದ್ದಕ್ಕಿಂತ ಹೆಚ್ಚೇ ಆಯಿತು. ಆದರೆ 42 ಅನ್ನುವುದು ಬೇಕಾದ ಪ್ರಮಾಣ, ತಡೆದುಕೊಳ್ಳುವ ಮಿತಿಯಲ್ಲ. ಅಂಗಡಿಯ ಬೆಕ್ಕಿನ ಆಹಾರದಲ್ಲೂ ಅದಕ್ಕಿಂತ ಹೆಚ್ಚು ಸೋಡಿಯಂ ಇರುತ್ತದೆ. ಕಿಡ್ನಿ ಸರಿಯಿದ್ದು, ಕುಡಿಯಲು ನೀರು ಸಿಕ್ಕರೆ ಬೆಕ್ಕು ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಕಿಡ್ನಿ ಕಾಯಿಲೆ, ಹೃದಯದ ಕಾಯಿಲೆ, ರಕ್ತದೊತ್ತಡ ಇರುವ ಬೆಕ್ಕಿನ ಮಾತು ಬೇರೆ. ನೀರಿನ ಬಟ್ಟಲು ಬರಿದಾಗಿರುವ ಮನೆಯ ಮಾತೂ ಬೇರೆ.

ಸಾಮಾನ್ಯ ಬೆಕ್ಕಿಗೆ ಉಪ್ಪಿಗಿಂತ ಬೇಗ ತಪ್ಪುವುದು ಕ್ಯಾಲರಿ ಲೆಕ್ಕ. ಆಪರೇಷನ್ ಆದ 4 ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 240 ಕಿಲೋಕ್ಯಾಲರಿ ಸಾಕು. ಬಾಯಿರುಚಿಯ ತಿನಿಸು ಅದರ ಹತ್ತನೇ ಒಂದು ಭಾಗ ಮೀರಬಾರದು, ಅಂದರೆ 24. ಕೊಬ್ಬು ಹೆಚ್ಚಿರುವ ಹಂದಿ ಸಲಾಮಿಯ 10 ಗ್ರಾಂ ತುಂಡೊಂದಕ್ಕೇ 35 ರಿಂದ 40 ಆಗುತ್ತದೆ. ಆರು ಜನ ಅತಿಥಿಗಳು ಒಬ್ಬೊಬ್ಬರು ಒಂದೊಂದು ತುಂಡು ಹಾಕಿದರೆ ಬೆಕ್ಕಿನ ಇಡೀ ದಿನದ ಊಟ ಸಲಾಮಿಯಲ್ಲೇ ಮುಗಿಯಿತು. ಪ್ರತಿಯೊಬ್ಬರಿಗೂ ತಾವು ಹಾಕಿದ್ದು ಒಂದೇ ಚೂರು ಅನ್ನಿಸಿರುತ್ತದೆ.

ಪೊಟ್ಟಣದ ಮೇಲೆ ಸೋಡಿಯಂ ಎಷ್ಟೆಂದು ಬರೆದಿರುತ್ತಾರೆ. ಉಪ್ಪಿನ ಲೆಕ್ಕ ಬೇಕಿದ್ದರೆ ಅದನ್ನು 2.5ರಿಂದ ಗುಣಿಸಿ. ಬೇಕನ್ ಹುರಿದ ಮೇಲೆ ನೀರು ಆರಿ, ಅದೇ ತೂಕಕ್ಕೆ ಉಪ್ಪು ಇನ್ನೂ ಹೆಚ್ಚಾಗುತ್ತದೆ.

ಸಕಲೇಶಪುರ_ಕೋಲ್ಡ್‌ರೂಮ್

ಪೊಟ್ಟಣ ತಿರುಗಿಸಿ ಹಿಂದಿನ ಪಟ್ಟಿ ಓದುವುದು ಹೇಗೆ ಎಂದು ಹೇಳುತ್ತೇನೆ, ಅಲ್ಲೇ ಅರ್ಧ ಉತ್ತರ ಸಿಗುತ್ತದೆ.

ಪಟ್ಟಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎಂದು ಇಲ್ಲದಿದ್ದರೆ ಅವು ಇಲ್ಲವೆಂದು ತಿಳಿಯಬೇಡಿ. ಮಸಾಲೆಗಳನ್ನೆಲ್ಲ ಸೇರಿಸಿ "ಮಸಾಲೆ ಪದಾರ್ಥಗಳು" ಅಥವಾ "ಮಿಶ್ರ ಮಸಾಲೆ" ಎಂಬ ಒಂದೇ ಹೆಸರಿನಲ್ಲಿ ಬರೆಯಲು ಅವಕಾಶವಿದೆ. ಆ ಪದ ಕಂಡರೆ ಬೆಳ್ಳುಳ್ಳಿ ಇದೆ ಎಂದೇ ಇಟ್ಟುಕೊಳ್ಳಿ. ಸೀಖ್ ಕಬಾಬ್, ಕೋಫ್ತಾ, ಬರ್ಗರ್ ಟಿಕ್ಕಿಗಳಲ್ಲಿ ಹಸಿ ಈರುಳ್ಳಿಯನ್ನೇ ಅರೆದು ಹಾಕಿರುತ್ತಾರೆ, ಅವು ಸಾಸೇಜಿಗಿಂತ ಕೆಟ್ಟವು.

ಆಮೇಲೆ ಐಎನ್‌ಎಸ್ ಸಂಖ್ಯೆಗಳು, ಅಂದರೆ ಆಹಾರಕ್ಕೆ ಸೇರಿಸುವ ರಾಸಾಯನಿಕಗಳ ಗುರುತು ಸಂಖ್ಯೆಗಳು. 250 ಎಂದರೆ ಸೋಡಿಯಂ ನೈಟ್ರೈಟ್. ಹ್ಯಾಮ್, ಸಲಾಮಿಯ ಗುಲಾಬಿ ಬಣ್ಣ ಅದರದ್ದೇ. 450, 451, 452 ಫಾಸ್ಫೇಟ್‌ಗಳು. ಮಾಂಸ ನೀರು ಹಿಡಿದಿಟ್ಟುಕೊಳ್ಳಲಿ, ಕತ್ತರಿಸಿದರೆ ಪುಡಿಯಾಗದಿರಲಿ ಎಂದು ಹಾಕುತ್ತಾರೆ. 621 ರುಚಿಯ ಉಪ್ಪು. ಇದರ ಜೊತೆ ಪಿಷ್ಟ, ಸೋಯಾ ಪ್ರೋಟೀನು. ಪಟ್ಟಿಯಲ್ಲಿ ಯಾವುದು ಮೊದಲು ಬರುತ್ತದೋ ಅದೇ ತೂಕದಲ್ಲಿ ಹೆಚ್ಚು. ಕೋಳಿಮಾಂಸದ ನಂತರ ಎರಡನೆಯದಾಗಿ ನೀರು, ಮೂರನೆಯದಾಗಿ ಪಿಷ್ಟ ಇದ್ದರೆ ಅದನ್ನು ಮಾಂಸವೆಂದು ಬೆಕ್ಕಿಗೆ ಹಾಕುವುದರಲ್ಲಿ ಅರ್ಥವಿಲ್ಲ.

ಸಲಾಮಿ ಉರುಳೆಯ ತುದಿಯಲ್ಲಿ ಅಲ್ಯೂಮಿನಿಯಂ ಕ್ಲಿಪ್ ಇರುತ್ತದೆ, ಹೊರಗೆ ಪ್ಲಾಸ್ಟಿಕ್ ಪೊರೆ. ಕೆಲವು ಹ್ಯಾಮ್‌ಗೆ ದಾರದ ಬಲೆ. ಟ್ರೇಯ ತಳದಲ್ಲಿ ರಸ ಹೀರಿಕೊಳ್ಳುವ ಮೆತ್ತೆ ಇರುತ್ತದೆ. ಇವೆಲ್ಲಕ್ಕೂ ಮಾಂಸದ ವಾಸನೆಯೇ ಹತ್ತಿರುತ್ತದೆ, ಬೆಕ್ಕು ಕಸದ ಬುಟ್ಟಿಯಿಂದ ಎಳೆದು ನುಂಗುವುದು ಇವನ್ನೇ. ಹೋಂಸ್ಟೇಯವರು ಮುಚ್ಚಳ ಬಿಗಿಯಾಗುವ, ಕಾಲಲ್ಲಿ ತುಳಿಯುವ ಬುಟ್ಟಿ ಇಡಲೇಬೇಕು.

ಪಶುಚಿಕಿತ್ಸೆ_ಹಾಸನ

ದಾರದ ವಿಚಾರ ಬಂದದ್ದು ಒಳ್ಳೆಯದಾಯಿತು. ದಾರ ನುಂಗಿದಾಗ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿನೊಳಗೆ ಸಾಗುತ್ತದೆ. ಕರುಳು ಲಾಡಿ ಎಳೆದ ಚೀಲದ ಹಾಗೆ ನೆರಿಗೆಗಟ್ಟುತ್ತದೆ. ಬಾಯಲ್ಲೋ ಗುದದಲ್ಲೋ ದಾರದ ತುದಿ ಕಂಡರೆ ಎಳೆಯಬೇಡಿ, ಕರುಳು ಕೊಯ್ದುಹೋಗುತ್ತದೆ. ಹಾಗೆಯೇ ಬಿಟ್ಟು ಡಾಕ್ಟರ ಬಳಿ ಒಯ್ಯಿರಿ. ಮತ್ತೆ ಮತ್ತೆ ವಾಂತಿ, ಊಟ ಬಿಟ್ಟಿರುವುದು, ಮೂಲೆ ಹಿಡಿದು ಕೂರುವುದು ಇದರ ಗುರುತು.

ಮಲ್ಲೇನಹಳ್ಳಿ_ಮೀಸೆ

ತೋಟದ ಲೈನ್‌ಮನೆ ಬೆಕ್ಕುಗಳು ಇಲಿ, ಓತಿಕ್ಯಾತ, ಹಲ್ಲಿ ಎಲ್ಲ ತಿಂದು ಗಟ್ಟಿಮುಟ್ಟಾಗಿರ್ತವೆ. ಅವಕ್ಕೆ ಒಂದು ಸಾಸೇಜು ಏನು ಮಾಡುತ್ತೆ ರೀ? ಹಳ್ಳಿ ಬೆಕ್ಕಿಗೆ ಇಷ್ಟೆಲ್ಲ ಲೆಕ್ಕ ಬೇಕಾ?

ಆಹಾರ_ಲೆಕ್ಕ

ಅಣ್ಣ, ಇಲಿಯೇ ಇಲ್ಲಿ ಒಳ್ಳೆಯ ಅಳತೆಗೋಲು. ಸುಂಡಿಲಿ ಸುಮಾರು 20 ಗ್ರಾಂ ತೂಗುತ್ತದೆ, 30 ಕಿಲೋಕ್ಯಾಲರಿ. ಹೆಚ್ಚಿನ ಪಾಲು ನೀರು. ಮಾಂಸದ ಜೊತೆಗೇ ಮೂಳೆಯ ಸುಣ್ಣ, ಯಕೃತ್ತಿನ ಎ ಜೀವಸತ್ವ, ಹೃದಯದ ಟಾರಿನ್ ಎಂಬ ಪೋಷಕಾಂಶ ಎಲ್ಲವೂ ಒಂದೇ ತುತ್ತಿನಲ್ಲಿ ಬಂತು. ಸಾಸೇಜಿನಲ್ಲಿ ಸುಣ್ಣ (ಕ್ಯಾಲ್ಸಿಯಂ) ಕಡಿಮೆ, ರಂಜಕ (ಫಾಸ್ಫರಸ್) ಹೆಚ್ಚು, ಟಾರಿನ್ ಎಷ್ಟು ಉಳಿದಿದೆಯೋ ಖಾತ್ರಿಯಿಲ್ಲ.

ಟಾರಿನ್ ಸಣ್ಣ ವಿಷಯವಲ್ಲ. ಬೇರೆ ಹಲವು ಪ್ರಾಣಿಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ, ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಕಣ್ಣಿನ ಪರದೆ ಹಾಳಾಗುತ್ತದೆ, ಹೃದಯದ ಸ್ನಾಯು ತೆಳುವಾಗಿ ಹಿಗ್ಗುತ್ತದೆ. ಆ ಹೃದಯರೋಗಕ್ಕೂ ಟಾರಿನ್ ಕೊರತೆಗೂ ಇರುವ ನಂಟನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯರು ತೋರಿಸಿಕೊಟ್ಟರು. ಆಮೇಲೆ ಬೆಕ್ಕಿನ ಆಹಾರ ತಯಾರಿಸುವವರು ಟಾರಿನ್ ಹೆಚ್ಚಿಸಿದರು, ಕಾಯಿಲೆಯೂ ಅಪರೂಪವಾಯಿತು.

ಇನ್ನೊಂದು ಮಾತು. ಹೊಟ್ಟೆ ತುಂಬಿಸಿದರೆ ಬೆಕ್ಕು ಇಲಿ ಹಿಡಿಯುವುದಿಲ್ಲ ಅನ್ನುವ ನಂಬಿಕೆ ತೋಟಗಳಲ್ಲಿ ಇದೆ. ಬೇಟೆ ಹಸಿವಿನಿಂದ ಮಾತ್ರ ಹುಟ್ಟುವುದಲ್ಲ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ದಯವಿಟ್ಟು ಯಾರೂ ಬೆಕ್ಕನ್ನು ಉಪವಾಸ ಕೆಡವಬೇಡಿ.

ಮಲ್ಲೇನಹಳ್ಳಿ_ಮೀಸೆ

ಇದು ಒಪ್ಪುವ ಮಾತು. ಸುಣ್ಣದ ವಿಚಾರ ತಲೆಗೆ ಹೋಗಿರಲಿಲ್ಲ.

ತೋಟದಮನೆ_ಮೂಡಿಗೆರೆ

12 ವರ್ಷದ ಗಂಡಿಗೆ ಪೂರ್ತಿ ನಿಲ್ಲಿಸಿ ಅಂದಿರಿ. ಸದ್ಯಕ್ಕೆ ಚೆನ್ನಾಗಿಯೇ ಇದೆ, ನೀರು ಮಾತ್ರ ಮೊದಲಿಗಿಂತ ಹೆಚ್ಚು ಕುಡಿಯುತ್ತದೆ. ಸಾಸೇಜನ್ನು ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ ಹಾಕಿದರೂ ಬೇಡವೇ?

ಪಶುಚಿಕಿತ್ಸೆ_ಹಾಸನ

ನೀರು ಹೆಚ್ಚು ಕುಡಿಯುತ್ತದೆ ಎಂದಿರಿ, ದಯವಿಟ್ಟು ಅದನ್ನು ಬಿಸಿಲಿನ ಲೆಕ್ಕಕ್ಕೆ ಸೇರಿಸಬೇಡಿ. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ಕಾಯಿಲೆ ತೀರಾ ಸಾಮಾನ್ಯ. ನೀರು ಹೆಚ್ಚುವುದು, ಮೂತ್ರ ಹೆಚ್ಚುವುದು, ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿಯುವುದು ಅದರ ಮೊದಲ ಗುರುತುಗಳು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆಯಲ್ಲೂ ನೀರು ಹೆಚ್ಚುತ್ತದೆ. ರಕ್ತದಲ್ಲಿ ಕ್ರಿಯೇಟಿನಿನ್, ರಂಜಕ, ಸಕ್ಕರೆ, ಮೂತ್ರದ ಸಾಂದ್ರತೆ, ರಕ್ತದೊತ್ತಡ ಇಷ್ಟನ್ನು ಪರೀಕ್ಷಿಸಿ. ಮೂತ್ರದ ಸಾಂದ್ರತೆ 1.035ಕ್ಕಿಂತ ಕಡಿಮೆ ಬರುತ್ತಿದ್ದರೆ ಕಿಡ್ನಿಯ ಮೇಲೆ ಕಣ್ಣಿಡಬೇಕು. ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದು, ಚಿಕ್ಕಮಗಳೂರಿನ ಕಡೆಯವರಿಗೆ ಶಿವಮೊಗ್ಗದ ಕಾಲೇಜೂ ಇದೆ.

ಈ ಬೆಕ್ಕಿಗೆ ಸಾಸೇಜು ಬೇಡವೆನ್ನಲು ಮುಖ್ಯ ಕಾರಣ ಮೇಲೆ ಹೇಳಿದ 450, 451, 452 ಸಂಖ್ಯೆಯ ಫಾಸ್ಫೇಟ್‌ಗಳು, ಅಂದರೆ ರಂಜಕದ ಲವಣಗಳು. ಹಸಿ ಮಾಂಸದ ರಂಜಕ ಪ್ರೋಟೀನಿನ ಜೊತೆ ಬೆಸೆದಿರುತ್ತದೆ. ಕರುಳು ಅದನ್ನು ನಿಧಾನವಾಗಿ ಹೀರುತ್ತದೆ, ಒಂದಷ್ಟು ಹೊರಗೂ ಹೋಗುತ್ತದೆ. ಪುಡಿಯಾಗಿ ಸೇರಿಸಿದ ಫಾಸ್ಫೇಟ್ ನೀರಿನಲ್ಲಿ ಕರಗುವಂಥದ್ದು. ಅದು ಬೇಗನೆ ರಕ್ತಕ್ಕೆ ಸೇರುತ್ತದೆ, ಹೊರಹಾಕುವ ಪೂರ್ತಿ ಹೊರೆ ಕಿಡ್ನಿಯ ಮೇಲೆ ಬೀಳುತ್ತದೆ. ಈ ರೀತಿಯ ಫಾಸ್ಫೇಟ್ ಹೆಚ್ಚಾದರೆ ಆರೋಗ್ಯವಂತ ಬೆಕ್ಕಿನ ಕಿಡ್ನಿಗೂ ಹಾನಿಯಾಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಉಪ್ಪಿನ ಬಗ್ಗೆ ನಡೆಯುವ ಚರ್ಚೆಯ ಕಾಲು ಭಾಗವೂ ಇದರ ಬಗ್ಗೆ ನಡೆಯುವುದಿಲ್ಲ.

ಕುದಿಸಿ ಚೆಲ್ಲುವುದು: ತೆಳ್ಳಗೆ ಕತ್ತರಿಸಿ ಐದು ನಿಮಿಷ ಕುದಿಸಿದರೆ ಉಪ್ಪು ಒಂದಷ್ಟು ನೀರಿಗೆ ಬಿಡುತ್ತದೆ. ಎಷ್ಟು ಬಿಟ್ಟಿತು, ಎಷ್ಟು ಉಳಿಯಿತು ಎಂದು ಅಳೆಯಲು ಮನೆಯಲ್ಲಿ ದಾರಿಯಿಲ್ಲ. ಬೆಳ್ಳುಳ್ಳಿ ಅಂಶ ಕುದಿಗೆ ಹೋಗುವುದಿಲ್ಲ. ಅಷ್ಟು ಹೊತ್ತು ಒಲೆ ಉರಿಸುವುದಾದರೆ ಕೋಳಿಯನ್ನೇ ಬೇಯಿಸಿ.

ಬೇಲೂರು_ಬಿಳಿಬೆಕ್ಕು

ನೈಟ್ರೈಟ್‌ನಿಂದ ಬೆಕ್ಕಿಗೆ ಏನಾಗುತ್ತೆ ಅಂತ ಯಾರೂ ಹೇಳಲಿಲ್ಲ.

ಪಶುಚಿಕಿತ್ಸೆ_ಹಾಸನ

ನೈಟ್ರೈಟ್ ಅತಿಯಾದರೆ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ನಿಯಮದ ಪ್ರಮಾಣದಲ್ಲಿ ಹಾಕಿದ ಸಲಾಮಿಯ ಒಂದು ತುಂಡಿನಿಂದ ಅಷ್ಟಾಗುವುದಿಲ್ಲ. ಕ್ಯೂರಿಂಗ್ ಪುಡಿ (ನೈಟ್ರೈಟ್ ಬೆರೆಸಿದ ಉಪ್ಪು) ಬಳಸಿ ಮನೆಯಲ್ಲೇ ಬೇಕನ್ ಮಾಡುವವರು ಮಾತ್ರ ಆ ಪುಡಿಯನ್ನೂ ಹಂದಿ ನೆನೆಸಿದ ಉಪ್ಪುನೀರನ್ನೂ ಬೆಕ್ಕು, ನಾಯಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ಅಲ್ಲಿ ಅಪಾಯ ದೊಡ್ಡದು.

ಇದರ ಜೊತೆ 220 ರಿಂದ 228ರ ವರೆಗಿನ ಸಲ್ಫೈಟ್‌ಗಳನ್ನೂ ನೋಡಿ. ಅವು ಬಿ1 ಜೀವಸತ್ವವನ್ನು ನಾಶಮಾಡುತ್ತವೆ. ಸಲ್ಫೈಟ್ ಹಾಕಿದ ಮಾಂಸವನ್ನೇ ದಿನಾ ತಿಂದ ಬೆಕ್ಕುಗಳು ಆಸ್ಟ್ರೇಲಿಯಾದಲ್ಲಿ ತಲೆ ಎತ್ತಲಾರದೆ ಗದ್ದವನ್ನು ಎದೆಗೆ ಒತ್ತಿಕೊಂಡು, ತೂರಾಡುತ್ತ ಆಸ್ಪತ್ರೆಗೆ ಬಂದದ್ದು ದಾಖಲಾಗಿದೆ.

ಬೂತಾಯಿ_ಬಂಗುಡೆ

ಬಿ1 ಮಾತು ಬಂದದ್ದರಿಂದ ಮೀನಿನ ಬಗ್ಗೆ ಸೇರಿಸುತ್ತೇನೆ. ಸಾಸೇಜು ನಿಲ್ಲಿಸಿದವರು ಸಾಮಾನ್ಯವಾಗಿ ಮೀನಿಗೇ ಹೋಗುತ್ತಾರೆ.

ಹೇಮಾವತಿ ಹಿನ್ನೀರಿನ ರೋಹು, ಕಾಟ್ಲಾ ಕಾರ್ಪ್ ಜಾತಿಯವು. ಹಸಿಯಾಗಿದ್ದಾಗ ಇವುಗಳಲ್ಲಿ ಬಿ1 ಒಡೆಯುವ ಕಿಣ್ವ ಇರುತ್ತದೆ, ಬೇಯಿಸಿದರೆ ಅದು ಸಾಯುತ್ತದೆ. ಹಾಗಾಗಿ ಮೀನು ಸೀಳುವಾಗ ತೆಗೆದ ಹಸಿ ಕರುಳು, ತಲೆಯನ್ನು ದಿನಾ ಬೆಕ್ಕಿಗೆ ಎಸೆಯಬಾರದು. ಮಂಗಳೂರಿನಿಂದ ಶಿರಾಡಿ, ಚಾರ್ಮಾಡಿ ಹತ್ತಿ ಬರುವ ಬೂತಾಯಿ, ಬಂಗುಡೆ ಬೆಕ್ಕಿಗೆ ಪ್ರಾಣ. ಉಪ್ಪು, ಹುಳಿ ಹಾಕದೆ ನೀರಿನಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ವಾರಕ್ಕೆ ಎರಡು ಬಾರಿ ಹಾಕಿ. ಕೊಬ್ಬಿನ ಮೀನನ್ನೇ ದಿನಾ ಹಾಕಿದರೆ ಇ ಜೀವಸತ್ವ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತವಾಗಿ, ಮುಟ್ಟಿದರೆ ನೋವಿನಿಂದ ಕಿರುಚುವ ಹಾಗಾಗುತ್ತದೆ.

ಒಣಮೀನು, ಒಣಸಿಗಡಿ ಬೇಡವೇ ಬೇಡ. ಉಪ್ಪಿನಲ್ಲಿ ಅವು ಸಲಾಮಿಯನ್ನೂ ಮೀರಿಸುತ್ತವೆ. ಎರಡು ಸಲ ನೆನೆಸಿ ನೀರು ಬದಲಿಸಿದರೂ ಒಳಗಿನ ಉಪ್ಪು ಪೂರ್ತಿ ಹೋಗುವುದಿಲ್ಲ.

ಹ್ಯಾಂಡ್‌ಪೋಸ್ಟ್_ಹೆಬ್ಬಾಗಿಲು

ಹಂದಿ ಹುರಿದದ್ದು, ಹಂದಿ ಸಾರು?

ಸಕಲೇಶಪುರ_ಕೋಲ್ಡ್‌ರೂಮ್

ಮಸಾಲೆ ಬಿದ್ದ ಮೇಲೆ ಬೇಡ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಹಂದಿ ಸಾರು ನಮ್ಮ ಕಡೆ ಇಲ್ಲ. ಮಸಾಲೆ ಹಾಕುವ ಮೊದಲು ಕೊಬ್ಬಿಲ್ಲದ ಎರಡು ತುಂಡು ಬೇರೆ ಪಾತ್ರೆಯಲ್ಲಿ ಚೆನ್ನಾಗಿ ಬೇಯಿಸಿ ಎತ್ತಿಡಿ. ಹಸಿ ಹಂದಿ ಮಾಂಸ ಹಾಕಬಾರದು, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಅದರಿಂದ ಬೆಕ್ಕಿಗೆ ಬರಬಹುದು. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಇನ್ನಷ್ಟು ಎಚ್ಚರ ಬೇಕು.

ಮಳೆಗಾಲದ ಒಂದು ಮಾತೂ ಹೇಳಬೇಕು. ಮರ ಬಿದ್ದು ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಮೂಡಿಗೆರೆ, ಸಕಲೇಶಪುರದ ಕಡೆ ಹೊಸದಲ್ಲ. ತುಂಬಿದ ಫ್ರೀಜರು ಬಾಗಿಲು ತೆಗೆಯದಿದ್ದರೆ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24. ಕೆಳಗಿನ ಫ್ರಿಜ್ಜು 4 ಗಂಟೆ ಅಷ್ಟೇ. ಒಂದು ಲೋಟ ನೀರು ಫ್ರೀಜರಿನಲ್ಲಿ ಗಟ್ಟಿಯಾದ ಮೇಲೆ ಅದರ ಮೇಲೊಂದು ನಾಣ್ಯ ಇಟ್ಟಿರಿ. ಕರೆಂಟು ಬಂದು ನೋಡಿದಾಗ ನಾಣ್ಯ ತಳ ಸೇರಿದ್ದರೆ ಒಳಗಿನದೆಲ್ಲ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ. ಹಾಗೆ ಕರಗಿದ ಸಾಸೇಜನ್ನು "ಅತಿಥಿಗಳಿಗೆ ಬೇಡ, ಬೆಕ್ಕಿಗೆ ಹಾಕೋಣ" ಎಂದು ಎತ್ತಿಡುವುದನ್ನು ಬಿಡಬೇಕು. ಸಾಲ್ಮೊನೆಲ್ಲಾ ಬೆಕ್ಕಿಗೂ ಬರುತ್ತದೆ. ಬೆಕ್ಕಿನ ಮಲದಿಂದ ಅಡುಗೆಮನೆಗೂ ಬರುತ್ತದೆ. ಬಿಚ್ಚಿದ ಸಲಾಮಿ ಪೊಟ್ಟಣವನ್ನು ದಿನಗಟ್ಟಲೆ ಫ್ರಿಜ್ಜಿನಲ್ಲಿ ಇಡುವುದೂ ಬೇಡ, ಲಿಸ್ಟೀರಿಯಾ ಅನ್ನುವ ರೋಗಾಣು ಆ ತಂಪಿನಲ್ಲೂ ಬೆಳೆಯುತ್ತದೆ.

ಬೇಲೂರು_ಬಿಳಿಬೆಕ್ಕು

ಮಾತ್ರೆ ಕೊಡೋಕೆ ಸಲಾಮಿಯಲ್ಲಿ ಸುತ್ತಿ ಕೊಡೋದು ಸುಲಭ. ಅದಕ್ಕೆ ಬದಲು ಏನು?

ಪಶುಚಿಕಿತ್ಸೆ_ಹಾಸನ

ಬೇಯಿಸಿದ ಕೋಳಿ ಲಿವರನ್ನು ಬೆರಳಲ್ಲಿ ಹಿಸುಕಿ, ಕಡಲೆಕಾಳಿನಷ್ಟು ಉಂಡೆ ಮಾಡಿ. ಮೊದಲು ಮಾತ್ರೆಯಿಲ್ಲದ ಉಂಡೆ, ಎರಡನೆಯದರಲ್ಲಿ ಮಾತ್ರೆ, ತಕ್ಷಣ ಮೂರನೆಯದು ಮಾತ್ರೆಯಿಲ್ಲದ್ದು. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಆಮೇಲೆ ಸೂಜಿ ತೆಗೆದ ಸಿರಿಂಜಿನಲ್ಲಿ 5 ಎಂಎಲ್ ನೀರನ್ನು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಬಿಡಿ. ಡಾಕ್ಸಿಸೈಕ್ಲಿನ್ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ನಿಂತುಬಿಟ್ಟರೆ ಅಲ್ಲೇ ಸುಟ್ಟು ಗಾಯವಾಗಿ ನಾಳ ಕಿರಿದಾಗುತ್ತದೆ. ಯಾವ ಮಾತ್ರೆಯನ್ನಾದರೂ ಆಹಾರದ ಜೊತೆ ಕೊಡಬಹುದೇ ಎಂದು ಡಾಕ್ಟರಲ್ಲಿ ಒಮ್ಮೆ ಕೇಳಿಕೊಳ್ಳಿ.

ಲಿವರ್ ದಿನಾ ತಿಂಡಿಯಾಗಬಾರದು. ಎ ಜೀವಸತ್ವ ತುಂಬಿಕೊಂಡು ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದು ಬೆಕ್ಕು ಕತ್ತು ತಿರುಗಿಸಲಾರದಂತಾಗುತ್ತದೆ.

ಆಹಾರ_ಲೆಕ್ಕ

ಸಲಾಮಿಗೆ ಬದಲಿ ಕೇಳಿದವರಿಗೆ. ಚರ್ಮ, ಮೂಳೆ ಇಲ್ಲದ ಕೋಳಿ ಎದೆಮಾಂಸ 250 ಗ್ರಾಂ ತಂದು ದೊಡ್ಡ ತುಂಡು ಮಾಡಿ, ಒಂದು ಲೋಟ ನೀರಿನಲ್ಲಿ ಕುಕ್ಕರಿನಲ್ಲಿ ಎರಡು ಮೂರು ಸೀಟಿ ಕೂಗಿಸಿ. ಉಪ್ಪು, ಮಸಾಲೆ, ಸೂಪ್ ಕ್ಯೂಬ್ ಏನೂ ಬೇಡ. ಕ್ಯೂಬಿನಲ್ಲಿ ಉಪ್ಪೂ ಇದೆ, ಈರುಳ್ಳಿಯೂ ಇದೆ. ಬೆಂದ ಮೇಲೆ ತೂಕ ಇಳಿದು 180 ಗ್ರಾಂ ಆಸುಪಾಸು ಉಳಿಯುತ್ತದೆ. ಆರಿಸಿ, ಎಳೆ ಎಳೆಯಾಗಿ ಬಿಡಿಸಿ, ಐಸ್ ಟ್ರೇಯ ಒಂದೊಂದು ಗುಳಿಗೆ 12 ಗ್ರಾಂ ತುಂಬಿ ಫ್ರೀಜರಿಗೆ ಇಡಿ. 15 ಗುಳಿ ತುಂಬುತ್ತದೆ. ಒಂದು ಗುಳಿ ಸುಮಾರು 20 ಕಿಲೋಕ್ಯಾಲರಿ, ಸೋಡಿಯಂ 10 ಮಿಲಿಗ್ರಾಂ ಒಳಗೆ. 4 ಕೆಜಿ ಬೆಕ್ಕಿಗೆ ದಿನಕ್ಕೆ ಒಂದು ಗುಳಿ. ಕೊಡುವ ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ, ಬೆಳಿಗ್ಗೆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಬೆಕ್ಕನ್ನು ಸಲಾಮಿಗೆ ಎಳೆಯುವುದೂ ಕೊಬ್ಬಿನ ಆ ವಾಸನೆಯೇ. ಸಿಹಿ ರುಚಿ ಅದರ ನಾಲಿಗೆಗೆ ತಿಳಿಯುವುದೇ ಇಲ್ಲ.

ಬೇಯಿಸಿದ ನೀರನ್ನು ಚೆಲ್ಲಬೇಡಿ. ಮೇಲಿನ ಕೊಬ್ಬು ತೆಗೆದು ಎರಡು ಚಮಚ ಊಟಕ್ಕೆ ಬೆರೆಸಿದರೆ ನೀರು ಕುಡಿಯದ ಬೆಕ್ಕಿಗೂ ನೀರು ಸೇರುತ್ತದೆ.

ಆದರೆ ಈ ಕೋಳಿ ಬಾಯಿರುಚಿಗೆ ಮಾತ್ರ. ಇದನ್ನೇ ಊಟವಾಗಿಸಿದರೆ ಸುಣ್ಣ ಸಾಲದು. ಮರಿಗಳಲ್ಲಿ ದೇಹ ಸುಣ್ಣವನ್ನು ಮೂಳೆಯಿಂದಲೇ ಎಳೆದುಕೊಂಡು, ಮೇಜಿನಿಂದ ಹಾರಿದರೂ ಕಾಲು ಮುರಿಯುವ ಸ್ಥಿತಿ ಬರುತ್ತದೆ. ನಿಮ್ಮ 2 ತಿಂಗಳ ಮರಿಗಳು 800 ಗ್ರಾಂ ಆಸುಪಾಸು ಇರಬಹುದು. ದೊಡ್ಡ ಬೆಕ್ಕಿಗೆ ಹಾಕಿದ ಅದೇ ತುಂಡು ಅವಕ್ಕೆ ತೂಕದ ಲೆಕ್ಕದಲ್ಲಿ ಐದು ಪಟ್ಟು. ತಾಯಿಗೂ ಮರಿಗಳಿಗೂ ಮರಿಗಳ ಪೂರ್ಣ ಆಹಾರವನ್ನೇ ಹಾಕಿ. ಹಾಲೂಡುವ ತಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಬೇಕು, ಬಟ್ಟಲು ಬರಿದಾಗದಿರಲಿ. ಬೇಯಿಸಿದ ಮೊಟ್ಟೆ ಚೂರು ಕೊಡಬಹುದು, ಹಸಿ ಬೇಡ.

ತೋಟದಮನೆ_ಮೂಡಿಗೆರೆ

ಅತಿಥಿಯೊಬ್ಬರು ಬೆಕ್ಕಿಗೆ ಇಡೀ ಸಾಸೇಜು, ಇಲ್ಲವೇ ಬೆಳ್ಳುಳ್ಳಿ ಹಾಕಿದ ಕಬಾಬ್ ಹಾಕಿಬಿಟ್ಟರೆ ಆಗ ಏನು ಮಾಡಬೇಕು?

ಪಶುಚಿಕಿತ್ಸೆ_ಹಾಸನ

ಪೊಟ್ಟಣ ಎಸೆಯಬೇಡಿ, ಪಟ್ಟಿಯ ಫೋಟೋ ತೆಗೆಯಿರಿ. ಎಷ್ಟು ಗ್ರಾಂ, ಎಷ್ಟು ಹೊತ್ತಿಗೆ, ಬೆಕ್ಕಿನ ತೂಕ ಎಷ್ಟು, ಇಷ್ಟು ಬರೆದುಕೊಂಡು ಡಾಕ್ಟರಿಗೆ ಫೋನ್ ಮಾಡಿ. ತಿಂದು ಒಂದೆರಡು ಗಂಟೆಯೊಳಗಾದರೆ ಅವರು ವಾಂತಿ ಮಾಡಿಸಬಹುದು. ನೀವು ಮಾಡಿಸಬೇಡಿ. ಉಪ್ಪುನೀರು ಕುಡಿಸಿದರೆ ಉಪ್ಪಿನ ವಿಷವೇ ಆಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಜಠರವನ್ನು ರಕ್ತ ಬರುವಂತೆ ಸುಡುತ್ತದೆ. ಹಾಲು, ತುಪ್ಪ, ಹರಳೆಣ್ಣೆ ಯಾವುದೂ ಇದಕ್ಕೆ ಮದ್ದಲ್ಲ. ಬೆಕ್ಕು ಮಂಕಾಗಿದೆ ಎಂದು ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗಿಲ್ಲ, ಅರ್ಧ ಮಾತ್ರೆಯೂ ಕೊಲ್ಲಬಹುದು.

ಈರುಳ್ಳಿ, ಬೆಳ್ಳುಳ್ಳಿಯ ಪರಿಣಾಮ ಅವತ್ತೇ ಕಾಣುವುದಿಲ್ಲ. ವಾಂತಿ ಭೇದಿ ಮೊದಲ ದಿನ ಬಂದು ನಿಲ್ಲಬಹುದು, ರಕ್ತಹೀನತೆ ಒಂದರಿಂದ ಐದು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟು ದಿನ ಬೆಳಿಗ್ಗೆ ಸಂಜೆ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಇದ್ದರೆ ಸರಿ. ಬಿಳಿಚಿದ್ದರೆ, ಹಳದಿಯಾದರೆ, ಕಂದು ಬಣ್ಣಕ್ಕೆ ತಿರುಗಿದರೆ ಹೊರಡಿ. ಮಲಗಿದ್ದಾಗ ನಿಮಿಷಕ್ಕೆ ಉಸಿರು ಎಣಿಸಿ. ನಿದ್ದೆಯಲ್ಲಿ 30ರ ಒಳಗಿರಬೇಕು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ ಬಂದರೆ ರಾತ್ರಿಯೇ ಆಗಲಿ, ಕಾಯಬೇಡಿ. 1962ಕ್ಕೆ ಕರೆ ಮಾಡಿದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ ಸಿಗುತ್ತದೆ; ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವುದು, ಆದ್ದರಿಂದ ಹತ್ತಿರದ ಡಾಕ್ಟರ ಸಂಖ್ಯೆಯನ್ನೂ ಅಡುಗೆಮನೆ ಗೋಡೆಗೆ ಅಂಟಿಸಿಡಿ.

ಕೊಬ್ಬಿನ ಮಾಂಸ ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ ಎಂದು ಬಹಳ ಕಡೆ ಬರೆಯುತ್ತಾರೆ. ಅದು ನಾಯಿಯಲ್ಲಿ ಕಂಡ ಸಂಬಂಧ, ಬೆಕ್ಕಿನಲ್ಲಿ ಅಷ್ಟು ಗಟ್ಟಿಯಾಗಿ ತೋರಿಬಂದಿಲ್ಲ. ಬೆಕ್ಕಿಗೆ ಹೊಟ್ಟೆ ಕೆಡುತ್ತದೆ ಎಂಬುದು ನಿಜ.

ಆಹಾರ_ಲೆಕ್ಕ

ಅಭ್ಯಾಸ ಬಿಡಿಸುವುದಕ್ಕೆ: ಅತಿಥಿಗಳ ತಿಂಡಿಗಿಂತ ಅರ್ಧ ಗಂಟೆ ಮೊದಲೇ ಬೆಕ್ಕುಗಳಿಗೆ ಊಟ ಹಾಕಿ. ಊಟದ ಮೇಜು ಕಾಣದ ಜಾಗವಾಗಿರಲಿ, ಕಾಫಿ ಕಣದ ಕಡೆಯ ಜಗಲಿ ಆದೀತು. ಬಟ್ಟಲನ್ನು ಏಕಾಏಕಿ ಬದಲಿಸದೆ ಹೊಸ ಆಹಾರವನ್ನು ಏಳರಿಂದ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಹಠ ಮಾಡಿ ಪೂರ್ತಿ ಉಪವಾಸ ಕೂರಲು ಬಿಡಬೇಡಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ತೋಟದಮನೆ_ಮೂಡಿಗೆರೆ

ಎಲ್ಲರಿಗೂ ಧನ್ಯವಾದ. ಗಂಡು ಬೆಕ್ಕಿನ ರಕ್ತ, ಮೂತ್ರ ಪರೀಕ್ಷೆಗೆ ಈ ವಾರವೇ ಹಾಸನಕ್ಕೆ ಒಯ್ಯುವುದೆಂದು ನಿರ್ಧರಿಸಿದ್ದೇವೆ. ಊಟದ ಹಾಲಿಗೆ ಈ ಬೋರ್ಡು ಬರೆಸುವ ಯೋಚನೆ, ತಪ್ಪಿದ್ದರೆ ತಿದ್ದಿ:

"ದಯವಿಟ್ಟು ನಿಮ್ಮ ತಟ್ಟೆಯಿಂದ ಬೆಕ್ಕುಗಳಿಗೆ ಏನನ್ನೂ ಹಾಕಬೇಡಿ. ಸಾಸೇಜು, ಸಲಾಮಿ, ಕಬಾಬಿನ ಈರುಳ್ಳಿ ಬೆಳ್ಳುಳ್ಳಿ ಅವುಗಳ ರಕ್ತ ಕೆಡಿಸುತ್ತದೆ. ಬಾಗಿಲ ಪಕ್ಕದ ಡಬ್ಬದಲ್ಲಿ ಬೇಯಿಸಿದ ಕೋಳಿ ಇದೆ. ಒಬ್ಬರು ಒಂದು ಎಳೆ ಹಾಕಬಹುದು."

ಆಹಾರ_ಲೆಕ್ಕ

ಚೆನ್ನಾಗಿದೆ. ಕೊನೆಯ ಸಾಲಿನಲ್ಲಿ ಒಂದು ತೊಡಕಿದೆ. ಇಪ್ಪತ್ತು ಅತಿಥಿಗಳಿದ್ದರೆ ಇಪ್ಪತ್ತು ಎಳೆಯಾಯಿತು, ಅದನ್ನೆಲ್ಲ ಮುಂದೆ ಬರುವ ಒಂದೇ ಬೆಕ್ಕು ತಿನ್ನುತ್ತದೆ. ಬೋರ್ಡು ಹಾಗೇ ಇರಲಿ, ಡಬ್ಬಕ್ಕೆ ಬೆಳಿಗ್ಗೆ ಒಂದೇ ಗುಳಿ, 12 ಗ್ರಾಂ ಹಾಕಿ. ಖಾಲಿಯಾದರೆ ಮತ್ತೆ ತುಂಬಬೇಡಿ ಎಂದು ಅಡುಗೆಯವರಿಗೆ ಹೇಳಿಡಿ.

ಪಶುಚಿಕಿತ್ಸೆ_ಹಾಸನ

ಗಂಡು ಬೆಕ್ಕಿನ ರಿಪೋರ್ಟ್ ಬರುವವರೆಗೆ ಅದನ್ನು ತಿಂಡಿಯ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿಡಿ. ಸಾಧ್ಯವಾದರೆ ಪರೀಕ್ಷೆಯ ದಿನ ಬೆಳಗಿನ ಮೂತ್ರ ಹಿಡಿದು ತನ್ನಿ. ಮಣ್ಣಿನ ಬದಲು ತೊಳೆದು ಒಣಗಿಸಿದ ಸಣ್ಣ ಜಲ್ಲಿಯನ್ನು ತಟ್ಟೆಗೆ ಹಾಕಿದರೆ ಮೂತ್ರ ಹೀರದೆ ತಳದಲ್ಲಿ ನಿಲ್ಲುತ್ತದೆ. ಸಿರಿಂಜಿನಲ್ಲಿ ಎಳೆದು, ಶುಭ್ರವಾದ ಡಬ್ಬಿಯಲ್ಲಿ ಎರಡು ಗಂಟೆಯೊಳಗೆ ತಲುಪಿಸಿ.